ಮನಿ ನೋಡಾಕ ಹೋಗೋ ಮಗಳಿಗೆ ಎಂಥ ಗಾಡಿ?

ಮಗಳಿಗೆ ಗಾಡಿ ತಗೊಂಡಿದ್ದು ಗೊತ್ತಾದಾಗಿಂದ ನಮ್ಮ ಓಣ್ಯಾಗ, ಬೀಗರ ಮನ್ಯಾಗ, ಸಂಘದ ಮೀಟಿಂಗ್‌ನ್ಯಾಗ ಎಲ್ಲಾ ಕಡಿ ಒಂದ ಪ್ರಶ್ನೆ. "ತಗಳೋದು ತಗೊಂಡ್ರಿ, ಹೊಸಾದು ಬಿಟ್ಟು ಹಳೇದ್ಯಾಕ ತಗೊಂಡ್ರಿ?" ಕೆಲವರು ನೇರ ಕೇಳಿದ್ರು, ಕೆಲವರು ಚಾ ಕುಡಕೋಂತ ಸುತ್ತು ಬಳಸಿ ಕೇಳಿದ್ರು. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾತು. ಅದಕ್ಕ ಒಂದ ಸಲ ಪೂರ್ತಿ ಬರದು ಬಿಡ್ತೀನಿ. ನಿಮ್ಮ ಮನ್ಯಾಗೂ ಯಾರರ ರೊಟ್ಟಿ ವ್ಯಾಪಾರನೋ, ಟೇಲರಿಂಗೋ, ಬ್ಯೂಟಿ ಪಾರ್ಲರೋ ಮಾಡ್ತಿದ್ದು, ಕೆಲಸಕ್ಕ ಗಾಡಿ ಬೇಕು ಅಂತ ಮಾತು ಬಂದ್ರ ಈ ಲೆಕ್ಕ ಉಪಯೋಗಕ್ಕ ಬರ್ತದ.

ಮೊದ್ಲು ಆಕಿ ಕೆಲಸ ಏನು ಅಂತ ಹೇಳ್ತೀನಿ. ಕೆಲಸ ತಿಳೀದಿದ್ರ ಗಾಡಿ ತಿಳ್ಯಾಂಗಿಲ್ಲ. "ಮನಿ ನೋಡ್ತಾಳ" ಅಂದ ಕೂಡ್ಲೆ ಭಾಳ ಮಂದಿ ವಾಸ್ತು ನೋಡ್ತಾಳ ಅಂತ ತಿಳ್ಕೊಂಡಾರ. "ನಮ್ಮ ಅಡಗಿ ಮನಿ ಆಗ್ನೇಯಕ್ಕ ಅದ ಇಲ್ಲೋ ಜರಾ ನೋಡವ್ವ" ಅಂತಾರ. ಅದಲ್ರೀ. ಆಕಿ ಸಿವಿಲ್ ಡಿಪ್ಲೊಮಾ ಮಾಡಿ ಆರು ವರ್ಷ ಒಬ್ಬ ಎಂಜಿನಿಯರ್ ಕೈಕೆಳಗ ದುಡದಾಕಿ. ಈಗ ಸ್ವಂತ ಶುರು ಮಾಡ್ಯಾಳ. ಹಳೇ ಮನಿ ಕೊಳ್ಳೋರು ಅಡ್ವಾನ್ಸ್ ಕೊಡೋಕ್ಕಿಂತ ಮೊದ್ಲು, ಹೊಸ ಮನಿ ಕಟ್ಟಿಸಿದೋರು ಗುತ್ತಿಗೆದಾರನಿಗೆ ಕೊನಿ ಬಿಲ್ ಕೊಡೋಕ್ಕಿಂತ ಮೊದ್ಲು ಆಕಿನ್ನ ಕರೀತಾರ. ಮಾಳಗಿ ಮ್ಯಾಲ ನೀರು ನಿಲ್ಲತದೋ ಹರಿದು ಹೋಗ್ತದೋ, ಗ್ವಾಡ್ಯಾಗ ತೇವ ಎಷ್ಟದ, ಬಿರುಕು ಬರೇ ಪ್ಲಾಸ್ಟರಿಂದೋ ಒಳಗಿಂದೋ, ಟೈಲ್ಸ್ ಕೆಳಗ ಪೊಳ್ಳು ಅದನೋ, ಕರೆಂಟಿಗೆ ಅರ್ಥಿಂಗ್ ಖರೇನ ಕೊಟ್ಟಾರೋ ಬರೇ ತೋರಿಕಿಗೆ ತೂತು ಮಾಡ್ಯಾರೋ, ಇಷ್ಟೆಲ್ಲಾ ನೋಡಿ ಫೋಟೋ ಸಮೇತ ಬರದು ಕೊಡ್ತಾಳ. ಬೆಂಗಳೂರು, ಹೈದರಾಬಾದ್‌ನ್ಯಾಗ ಇದಕ್ಕ ಹೋಮ್ ಇನ್‌ಸ್ಪೆಕ್ಷನ್ ಅಂತ ಕಂಪನಿಗಳ ಅದಾವ. ನಮ್ಮ ಕಡಿ ಇನ್ನೂ ಮೇಸ್ತ್ರಿ ಹೇಳಿದ್ದ ವೇದ.

ನಮ್ಮ ಕಡೀಗೇ ಈ ಕೆಲಸ ಜಾಸ್ತಿ ಬೇಕು ಅಂತಾಳ ಆಕಿ. ಯಾಕಂದ್ರ ನಮ್ಮದು ಎರಿ ಮಣ್ಣು. ಮಳಿಗಾಲದಾಗ ನೀರು ಕುಡದು ಉಬ್ಬತದ, ಬ್ಯಾಸಗ್ಯಾಗ ಒಣಗಿ ಕೈ ಹೋಗುವಷ್ಟು ಬಾಯಿ ಬಿಡತದ. ಪಾಯ ಗಟ್ಟಿ ಇಲ್ಲಂದ್ರ ಮನಿನೂ ಆ ಮಣ್ಣಿನ ಜೋಡಿ ಏಳತದ, ಇಳೀತದ. ಕಿಡಕಿ ಮೂಲ್ಯಾಗಿಂದ ಓರೆ ಬಿರುಕು ಬೀಳತಾವ. ಮಾನ್ವಿ ಕಡಿ ತುಂಗಭದ್ರಾ ಎಡದಂಡಿ ಕಾಲುವಿ, ಸುತ್ತ ನೆಲ್ಲಿನ ಗದ್ದಿ. ನೆಲದಾಗಿನ ತೇವ ಗ್ವಾಡಿ ಏರತದ, ಬುಡಕ್ಕ ಉಪ್ಪು ಹೂವಿನಂಗ ಬಿಳಚಿಕೊಂಡು ಬರ್ತದ. ದೇವದುರ್ಗ ಕಡಿ ನಾರಾಯಣಪುರ ಬಲದಂಡಿ ಕಾಲುವಿ ನೀರು ಬಂದ ಊರುಗಳಾಗೂ ಈಗ ಹಂಗ. ಒಬ್ರು ರಿಟೈರ್ ಆದ ಮಾಸ್ತರು ಮಾನ್ವ್ಯಾಗ ಹೊಸ ಬಣ್ಣ ಹೊಡದ ಮನಿ ನೋಡಿ ಮರುಳಾಗಿದ್ರು. ಇಕಿ ತೇವ ನೋಡೋ ಮೀಟರ್ ಹಿಡದಾಗ ಬಣ್ಣದ ಕೆಳಗ ಎರಡು ಅಡಿ ತನಕ ಗ್ವಾಡಿ ಹಸೀ ಇತ್ತು. ಮಾಸ್ತರು ಜೀವಮಾನದ ರೊಕ್ಕ ಹಾಕೋದು ತಪ್ಪಿತು.

ಇನ್ನ ಗಾಡಿ ಮಾತಿಗೆ ಬರ್ತೀನಿ. ಗಾಡಿ ಅಂದ ಕೂಡ್ಲೆ ಮನ್ಯಾಗ ಎಲ್ಲಾರೂ ಗಾಡಿ ಹೆಸರು ಹೇಳಾಕ ಶುರು ಮಾಡಿದ್ರು. ನಾ ಅಂದೆ, ಹೆಸರು ಆಮ್ಯಾಲ. ಸೀರಿ ತಗಳಾಕ ಹೋದಾಗ ಮದುವಿಗೋ ಹೊಲಕ್ಕೋ ಅಂತ ಮೊದ್ಲು ಕೇಳ್ತಾರಲ್ಲ, ಹಂಗ ಗಾಡಿ ಯಾತಕ್ಕ ಅಂತ ಮೊದ್ಲು ಒಂದು ಹಾಳ್ಯಾಗ ಬರೀರಿ. ಮಗಳು ಬರದಳು. ಏನೇನು ಹೊತಗೊಂಡು ಹೋಗ್ತಾಳ ಅಂತ ನೋಡ್ರಿ:

ಆರು ಅಡಿ ಅಲ್ಯುಮಿನಿಯಂ ನಿಚ್ಚಣಿಕಿ. ಒಂದರೊಳಗೊಂದು ಸೇರಿ ಮೂರು ಅಡಿಗೆ ಬರೋ ಎಳದು ಉದ್ದ ಮಾಡೋ ಇನ್ನೊಂದು ನಿಚ್ಚಣಿಕಿ, ಯಾಕಂದ್ರ ನಮ್ಮ ಕಡಿ ಭಾಳ ಮನಿಗೆ ನೀರಿನ ಟಾಕಿ ತನಕ ಮೆಟ್ಟಲ ಇರಾಂಗಿಲ್ಲ. ರಸಮಟ್ಟ, ಟೇಪು, ಲೇಸರಿಂದ ಅಳಿಯೋ ಯಂತ್ರ. ತೇವ ನೋಡೋ ಮೀಟರು. ಪ್ಲಗ್ ಟೆಸ್ಟರು. ಟೈಲ್ಸ್ ಬಡಿಯೋ ಸಣ್ಣ ಸುತ್ತಿಗಿ. ದೊಡ್ಡ ಬ್ಯಾಟರಿ ಲೈಟು. ಹೆಲ್ಮೆಟ್ಟು, ಬೂಟು, ಕೈಚೀಲ. ಲ್ಯಾಪ್‌ಟಾಪು. ಐದು ಲೀಟರ್ ನೀರು. ರೊಟ್ಟಿ ಡಬ್ಬಿ. ಜೋಡಿ ಹೋಗೋ ಹುಡುಗ ಒಬ್ಬ.

ಹಾಳಿ ತಿರುವಿ ಇನ್ನೊಂದು ಬದಿ ಎಲ್ಲೆಲ್ಲಿ ಹೋಗ್ತಾಳ ಅಂತ ಬರದಳು. ಎರಡು ತಿಂಗಳ ಡೈರಿ ನೋಡಿದ್ರ ತಿಂಗಳಿಗೆ ಸರಾಸರಿ ದೇವದುರ್ಗಕ್ಕ 4 ಸಲ, ಮಾನ್ವಿಗೆ 5 ಸಲ, ಉಳಿದಿದ್ದೆಲ್ಲಾ ರಾಯಚೂರು ಊರೊಳಗ. ಗಬ್ಬೂರಿನ ಮ್ಯಾಲಾಸಿ ದೇವದುರ್ಗಕ್ಕ ಹೋಗಿ ಬಂದ್ರ, ಅಲ್ಲಿ ಒಳಗ ಸುತ್ತಾಡಿದ್ದೂ ಸೇರಿ ಸುಮಾರು 110 ಕಿಲೋಮೀಟರ್. ಮಾನ್ವಿ ಹೋಗಿ ಬಂದ್ರ 95. ಅಂದ್ರ ತಿಂಗಳಿಗೆ ಹೊರಗಿನ ಊರಿನ ಓಡಾಟ 915 ಕಿಲೋಮೀಟರ್. ಈ ಒಂದು ಹಾಳಿ ಕೈಯಾಗ ಇಟ್ಟುಕೊಂಡ ಮ್ಯಾಲ ಅರ್ಧ ವಾದ ತಾನ ಮುಗೀತು.

ಮೊದಲನೇ ಮಾತು ಬಸ್ಸಿಂದು. ನಮ್ಮ ಅತ್ತಿ ಅಂದ್ರು, "ಸರ್ಕಾರ ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ ಮಾಡ್ಯದ, ಇಕಿಗ್ಯಾಕ ಗಾಡಿ?" ಖರೇನ ಮಾತು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರುವಾದಾಗಿಂದ ಇಕಿ ಆಧಾರ್ ಕಾರ್ಡು ತೋರಿಸಿ ಕಲ್ಯಾಣ ಕರ್ನಾಟಕ ಸಾರಿಗಿ ಬಸ್ಸಿನ್ಯಾಗ ಎಷ್ಟು ಸಲ ದೇವದುರ್ಗ, ಮಾನ್ವಿ ಓಡಾಡ್ಯಾಳೋ ಲೆಕ್ಕ ಇಲ್ಲ. ಆ ಯೋಜನೆ ಇಲ್ಲದಿದ್ರ ಈ ಧಂದೆ ಶುರು ಮಾಡೋ ಧೈರ್ಯನ ಬರ್ತಿರಲಿಲ್ಲ ಅಂತ ಆಕೀನ ಹೇಳ್ತಾಳ. ಆದ್ರ ನಿಚ್ಚಣಿಕಿ ಹಿಡಕೊಂಡು ತುಂಬಿದ ಬಸ್ ಹತ್ತೋದು ಹ್ಯಾಂಗ? ಬಸ್ ಸ್ಟ್ಯಾಂಡಿನಿಂದ ಮನಿ ತನಕ ಮತ್ತ ಆಟೋ. ಕೆಲಸ ಆರಕ್ಕ ಮುಗಿದ್ರ ಮನಿಗೆ ಬರೋದು ಒಂಬತ್ತಕ್ಕ. ಮಾಳಗಿ ಇಳಿಜಾರು ನೋಡಬೇಕಂದ್ರ ನೀರು ಬಿಟ್ಟು ಒಂದು ತಾಸು ಕಾಯಬೇಕು, ಬಸ್ಸಿನ ಟೈಮು ನೋಡಿ ನೀರು ಬಸಿಯಾಂಗಿಲ್ಲ. ಹಂಗಂತ ಬಸ್ ಪೂರ್ತಿ ಬಿಟ್ಟಿಲ್ಲ. ಬರೇ ಮಾತಾಡಾಕ, ಕಾಗದ ಕೊಡಾಕ ಹೋಗೋದಿದ್ರ ಈಗಲೂ ಬಸ್ಸ.

ಎರಡನೇದು ಸ್ಕೂಟಿ. ಅದು ಮನ್ಯಾಗ ಮೊದ್ಲ ಇತ್ತು. ರಾಯಚೂರಿನ ತೀನ್ ಕಂದೀಲ್ ಸುತ್ತಿನ ಸಂದಿಗೊಂದಿಗೆ ಸ್ಕೂಟಿಯಂಥ ಗಾಡಿ ಇನ್ನೊಂದಿಲ್ಲ. ಮೂರು ಅಡಿ ನಿಚ್ಚಣಿಕಿ ಕಾಲ ಹತ್ರ ನಿಲ್ಲತದ. ಆದ್ರ ಆರು ಅಡೀದು? ಹಿಂದ ಕುಂತ ಹುಡುಗ ಅದನ್ನ ಭುಜದ ಮ್ಯಾಲ ಅಡ್ಡ ಹಿಡಕೊಂಡ್ರ ಎದುರಿಗೆ ಬರೋರ ಗತಿ ಏನು? ಅದರ ಮ್ಯಾಲ ನಮ್ಮ ರಾಯಚೂರು ಬಿಸಲು. ಎಪ್ರಿಲ್, ಮೇದಾಗ 42 ಡಿಗ್ರಿ ಅಂದ್ರ ನಮಗ ಸುದ್ದೀನ ಅಲ್ಲ. ಹೆಲ್ಮೆಟ್ ಹಾಕ್ಕೊಂಡು ಐವತ್ತು ಕಿಲೋಮೀಟರ್ ಹೋಗಿ, ಕಾದ ಮಾಳಗಿ ಮ್ಯಾಲ ಎರಡು ತಾಸು ನಿಂತು, ಮತ್ತ ಐವತ್ತು ಕಿಲೋಮೀಟರ್ ಬರೋದು ಮೈಗೆ ಆಗಿ ಬರೋ ಕೆಲಸ ಅಲ್ಲ. ಸಂಜಿ ಆದ ಮ್ಯಾಲ ಹತ್ತಿ ಲಾರಿ, ನೆಲ್ಲಿನ ಟ್ರ್ಯಾಕ್ಟರ್ ಹಿಂದ ಲೈಟ ಇರಾಂಗಿಲ್ಲ. ಹುಡುಗಿ ಸ್ಕೂಟಿ ಮ್ಯಾಲ ಬರ್ತಾಳ ಅಂದ ರಾತ್ರಿ ನನ್ನ ಕಿವಿ ಗೇಟಿನ ಕಡೀನ ಇರ್ತಿತ್ತು.

ಕರೆಂಟಿನ ಸ್ಕೂಟರ್ ಮಾತೂ ಬಂತು. ನಮ್ಮ ಮೈದುನನ ಮಗ ಹೇಳಿದ, "ನಮ್ಮ ಶಕ್ತಿನಗರದಾಗ ಕರೆಂಟ್ ಹುಟ್ಟತದ, ನಾವ ಪೆಟ್ರೋಲ್ ಸುಡೋದ್ಯಾಕ?" ಹುಡುಗ ಮಾತು ಚಲೋ ಆಡ್ತಾನ. ಆದ್ರ ಕಂಪನಿಯವ್ರು ಹೇಳೋ ದೂರ ಒಬ್ಬರ ಕುಂತು ನಿಧಾನ ಓಡಿಸಿದಾಗಿಂದು. ಇಬ್ರು ಕುಂತು, ಸಾಮಾನು ಹೇರಿ, ಎದುರು ಗಾಳಿಗೆ 110 ಕಿಲೋಮೀಟರ್ ಅಂದ್ರ ಎದಿ ಡವಡವ. ಊರೊಳಗ ಬರೋಬರಿ, ಊರು ದಾಟಿದ್ರ ಅಲ್ಲ. ಈ ಸ್ಕೂಟಿ ಹಳೇದಾದಾಗ ನೋಡೋಣ ಅಂತ ಬಿಟ್ವಿ.

ಮೂರನೇದು ಬಾಡಿಗಿ ಕಾರು. ನಾಕು ತಿಂಗಳು ಹಂಗ ಮಾಡಿದಳು. ದಿನಕ್ಕ 2,500 ರೂಪಾಯಿ ಕೊಟ್ವಿ. ತಿಂಗಳಿಗೆ 9 ದಿನ ಅಂದ್ರ 22,500. ಹೊರಗಿನ ಊರಿನ ಒಂದು ಮನಿ ನೋಡಿದ್ರ ಆಕಿಗೆ 4,500 ಬರ್ತದ. ಅದರಾಗ ಅರ್ಧಕ್ಕಿಂತ ಜಾಸ್ತಿ ಡ್ರೈವರ್ ಕೈಗೆ. ಅಲ್ಲಿಗೆ ಸ್ವಂತ ಗಾಡಿ ಬೇಕು ಅನ್ನೋದು ಗಟ್ಟಿ ಆತು. ಇನ್ನ ಉಳದಿದ್ದು ಎಂಥದು ಅನ್ನೋ ಮಾತು.

ನಮ್ಮ ಮನಿಯವ್ರ ಮನಸ್ಸು ಟಾಟಾ ಏಸ್ ಮ್ಯಾಲ. 2005ರಾಗ ಬಂದಾಗಿಂದ ನಮ್ಮ ಗಂಜಿನ್ಯಾಗ ಅದನ್ನ ನೋಡಿ ನೋಡಿ ಅವರಿಗೆ ಪ್ರೀತಿ. ಛೋಟಾ ಹಾಥಿ ಅಂತ ಹೆಸರಿಟ್ಟ ಮಂದಿ ಸುಮ್ನ ಇಟ್ಟಿಲ್ಲ. ನಿಚ್ಚಣಿಕಿ ಏನು, ಮನಿ ಕಂಬಾನೂ ಹೇರಬಹುದು. ಆದ್ರ ಇಕಿ ಹೇರೋದು ಕಂಬ ಅಲ್ಲ, ಎಲ್ಲಾ ಸೇರಿ ಮೂವತ್ತು ಕಿಲೋ ಸಾಮಾನು. ಹಿಂದ ತೆರದ ಡಬ್ಬಿ, ಮಳಿ ಬಂದ್ರ ಮೀಟರ್ ಹಾಳು, ಚಾ ಕುಡ್ಯಾಕ ನಿಂತ್ರ ಕಾಯಾಕ ಒಬ್ರು ಬೇಕು. ಅದು ಸರಕು ಗಾಡಿ, ಹಳದಿ ಬೋರ್ಡು, ಫಿಟ್‌ನೆಸ್ ಸರ್ಟಿಫಿಕೇಟು ಬ್ಯಾರೆ ಮಾಡಿಸ್ತಿರಬೇಕು. ಸರಕು ಹೇರದೋರಿಗೆ ಆ ಖರ್ಚು ದಂಡ.

ಮಾರುತಿ ಈಕೋ ಭಾಳ ದಿನ ನಮ್ಮ ತಲ್ಯಾಗ ಇತ್ತು. ಹಳೇ ಓಮ್ನಿ 1984ರಿಂದ 2019ರ ತನಕ ಬಂತು. ಅದರ ತಮ್ಮ ಇದ್ದಂಗ ಈಕೋ, 2010ರಾಗ ಬಂದಿದ್ದು. ಬದಿಗೆ ಸರಿಯೋ ಬಾಗಲಾ, ಸಣ್ಣ ಓಣ್ಯಾಗ ಗ್ವಾಡಿಗೆ ಹತ್ತಿ ನಿಂತ್ರೂ ಇಳೀಬಹುದು. ಹಿಂದ ಜಾಗ ಬೇಕಾದಷ್ಟು. ದಿನಾ ಸಾಮಾನು ಹೇರೋ ಎಲೆಕ್ಟ್ರಿಶಿಯನ್, ಪ್ಲಂಬರ್, ಅಡಗಿ ಕಂತ್ರಾಟದೋರಿಗೆ ಅದ ಸೈ ಅಂತ ನಾನೂ ಹೇಳ್ತೀನಿ. ಆದ್ರ ಅದರ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗ. ಮೇ ತಿಂಗಳ ಬಿಸಲಾಗ ಮ್ಯಾಲೂ ಬೆಂಕಿ, ಕೆಳಗೂ ಕಾವು. ಇಕಿ ಒಬ್ಬಾಕಿನ ಓಡಿಸೋದು, ಕುಂದ್ರೋದು ಅದ ಸೀಟಿನ್ಯಾಗ. ಅಷ್ಟು ದೊಡ್ಡ ಹಿಂದಿನ ಜಾಗದಾಗ ಅರ್ಧ ಖಾಲಿನ ಹೊತಗೊಂಡು ಓಡಾಡಬೇಕು. ಸಿಎನ್‌ಜಿ ಇದ್ದಿದ್ದು ತಗೊಂಡ್ರ ಖರ್ಚು ಕಡಿಮಿ ಅಂದ್ರು. ಸಿಲಿಂಡರ್ ಕುಂದ್ರೋದು ಹಿಂದಿನ ಜಾಗದಾಗ, ಮತ್ತ ನಿಚ್ಚಣಿಕಿ ಇಡೋದೆಲ್ಲಿ?

ನಮ್ಮ ಭಾವಂದು ಬೊಲೆರೋ ಹಟ. "ದೊಡ್ಡ ಗಾಡ್ಯಾಗ ಇಳಿದ್ರ ಮಂದಿ ಎದ್ದು ನಿಂತು ನಮಸ್ಕಾರ ಮಾಡ್ತಾರ, ಫೀಸೂ ಜಾಸ್ತಿ ಕೊಡ್ತಾರ" ಅಂತ. ಮಗಳು ನಕ್ಕೋಂತ ಹೇಳಿದಳು, "ದೊಡಪ್ಪ, ನಮ್ಮ ಕೆಲಸದಾಗ ದೊಡ್ಡ ಗಾಡ್ಯಾಗ ಇಳದ್ರ ಮನಿ ಮಾಲಕ ಮೊದ್ಲು ಗಾಬರಿ ಆಗ್ತಾನ. ಇಕಿ ಯಾವ ಬಿಲ್ಡರ್ ಕಡೆಯಾಕಿ ಅಂತ ಅನುಮಾನ ಮಾಡ್ತಾನ." ಅದಕ್ಕ ಭಾವ ಸುಮ್ನಾದ್ರು.

ನಮ್ಮ ರಾಯಚೂರು ಕೋಟಿ ಗ್ವಾಡ್ಯಾಗ ಒಂದು ಕಲ್ಲು ಅದ, ನೀವೂ ನೋಡಿರಬೇಕು. 40 ಅಡಿ ಮೀರಿದ ಒಂದ ಕಲ್ಲು, ಮ್ಯಾಲ 1294ರ ಶಾಸನ. ಅದರ ಬಾಜೂಕ ಆ ಕಲ್ಲನ್ನ ಬಂಡಿ ಮ್ಯಾಲ ಹೇರಿ, ಸಾಲು ಸಾಲು ದನ ಕಟ್ಟಿ ಎಳದು ತಂದ ಚಿತ್ರ ಕೆತ್ಯಾರ. ಮಗಳು ಸಣ್ಣಾಕಿದ್ದಾಗ ಅದನ್ನ ನೋಡಿ, "ಅವ್ವ, ಕಲ್ಲು ದೊಡ್ಡದಂತ ಬಂಡಿ ದೊಡ್ಡದು ಮಾಡ್ಯಾರ" ಅಂದಿದ್ದಳು. ಭಾವನ ಮಾತು ಕೇಳಿದ ದಿನ ನನಗ ಅದು ನೆನಪಾತು. ನಮ್ಮ ಕಲ್ಲು ಎಷ್ಟದ, ಅಷ್ಟ ಬಂಡಿ ಸಾಕು.

ಕೊನಿಗೆ ಉಳದಿದ್ದು ಸಣ್ಣ ಕಾರು. ಅದರಾಗೂ ಎತ್ತರ ಇರೋದು ಬೇಕು, ಹಿಂದಿನ ಸೀಟು ಎರಡು ಭಾಗ ಆಗಿ ಮಡಚಬೇಕು. ಒಂದು ಭಾಗ ಮಡಚಿದ್ರ ಆರು ಅಡಿ ನಿಚ್ಚಣಿಕಿ ಮುಂದಿನ ಸೀಟಿನ ಬಾಜೂ ತನಕ ಉದ್ದಕ ಮಲಗತದ, ಇನ್ನೊಂದು ಭಾಗದಾಗ ಹುಡುಗ ಕುಂದ್ರತಾನ. ಹೊಟ್ಟಿ ನೆಲಕ್ಕ ತಾಗಬಾರದು, ಯಾಕಂದ್ರ ಹೊಸ ಲೇಔಟಿನ್ಯಾಗ ಡಾಂಬರು ಆಮ್ಯಾಲ, ಮನಿ ಮೊದ್ಲು. ಎರಿ ಮಣ್ಣಿನ ರಾಡ್ಯಾಗ ಯಾವ ಗಾಡಿನೂ ಸಿಗಿ ಬೀಳತದ. ಸಣ್ಣದಿದ್ರ ನಾಕು ಮಂದಿ ನೂಕಿ ತೆಗಿಬಹುದು. ಎಸಿ ಬೇಕ ಬೇಕು. ಬಣ್ಣ ಬಿಳೇದು ಇದ್ರ ಕಾವು ಜರಾ ಕಡಿಮಿ. ಗಾಳಿ ಚೀಲ ಎರಡರ ಇರಬೇಕು, ಬ್ರೇಕಿಗೆ ಎಬಿಎಸ್ ಇರಬೇಕು. ದೇವದುರ್ಗ, ಮಾನ್ವ್ಯಾಗೂ ರಿಪೇರಿ ಗೊತ್ತಿರೋ ಮೆಕ್ಯಾನಿಕ್ ಸಿಗಬೇಕು. ಇಷ್ಟೆಲ್ಲಾ ಜರಡಿ ಹಿಡದ ಮ್ಯಾಲ ಉಳದಿದ್ದು ವ್ಯಾಗನಾರ್. 1999ರಿಂದ ರಸ್ತೆ ಮ್ಯಾಲ ಅದ, 2019ರಾಗ ಬಂದ ಮೂರನೇ ಮಾದರಿ ಒಳಗ ಜಾಗ ಜಾಸ್ತಿ. ಸೀರಿ ಉಟ್ಟೋರಿಗೂ ಹತ್ತಿ ಇಳಿಯಾಕ ಸಲೀಸು, ನನ್ನ ಮೊಣಕಾಲು ಅದಕ್ಕ ಸಾಕ್ಷಿ.

ಹೊಸಾದೋ ಹಳೇದೋ ಅನ್ನೋ ಮಾತಿಗೆ ಈಗ ಬಂದೆ. ಇದ ಎಲ್ಲಾರೂ ಕೇಳೋ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕ ಇಳೀತು. "ಇಂಥಾ ಹೊತ್ತಿನ್ಯಾಗ ಹಳೇದು ತಗಳೋರು ನೀವ ಒಬ್ರ" ಅಂತ ನಗ್ಯಾಡಿದ್ರು. ಬೆಲಿ ಇಳಿದಿದ್ದು ಖರೆ. ಆದ್ರ ನಮಗ 5 ಲಕ್ಷ ಸಾಲ ಮಾಡಬೇಕಿತ್ತು, ಐದು ವರ್ಷ, ತಿಂಗಳಿಗೆ 10,500ರ ಸುತ್ತ ಕಂತು. ಹಳೇದು, 2020ರ ಗಾಡಿ, 3,60,000ಕ್ಕ ಸಿಕ್ತು. ನನ್ನ ಚೀಟಿ ರೊಕ್ಕ, ಆಕಿ ಕೂಡಿಟ್ಟಿದ್ದು ಸೇರಿ 1,60,000 ಕೊಟ್ವಿ. ಉಳದ 2 ಲಕ್ಷಕ್ಕ ಮೂರು ವರ್ಷದ ಸಾಲ, ಕಂತು 6,650.

ಈ ಕಂತಿನ ಲೆಕ್ಕ ನಾವು ವೈಶಾಖದಾಗ ಹಾಕಲಿಲ್ಲ, ಆಷಾಢದ ಮ್ಯಾಲ ಹಾಕಿದ್ವಿ. ಅದನ್ನ ಜರಾ ಬಿಡಿಸಿ ಹೇಳ್ತೀನಿ. ವೈಶಾಖ, ಶ್ರಾವಣ, ಮಾಘದಾಗ ಗೃಹಪ್ರವೇಶ ಭಾಳ, ಆಗ ಆಕಿಗೆ ಊಟಕ್ಕ ಪುರಸೊತ್ತಿಲ್ಲ. ಆಷಾಢದಾಗ, ಧನುರ್ಮಾಸದಾಗ ಯಾರೂ ಮನಿ ಹೊಕ್ಕಾಂಗಿಲ್ಲ, ಕೊಳ್ಳೋ ಮಾತೂ ಎತ್ತಾಂಗಿಲ್ಲ. ತಿಂಗಳಿಗೆ ಎರಡು ಮನಿ ಸಿಕ್ರ ಪುಣ್ಯ. ಹೊರಗಿನ ಊರಿನ ಎರಡು ಮನಿ ಅಂದ್ರ 9,000. ಪೆಟ್ರೋಲಿಗೆ 1,150 ತೆಗದ್ರ 7,850. ಹಳೇ ಗಾಡಿ ಕಂತು ಕಟ್ಟಿ ಇನ್ನೂ 1,200 ಕೈಯಾಗ ಉಳೀತದ. ಹೊಸ ಗಾಡಿ ಆಗಿದ್ರ 2,650 ಎಲ್ಲಿಂದರ ತರಬೇಕು. ಬ್ಯಾಂಕಿನವ್ರಿಗೆ ಆಷಾಢ ಗೊತ್ತಿಲ್ರೀ, ತಾರೀಖು ಒಂದ ಗೊತ್ತು.

ಪೂರ್ತಿ ತಿಂಗಳ ಲೆಕ್ಕನೂ ಹೇಳಿ ಬಿಡ್ತೀನಿ. 915 ಕಿಲೋಮೀಟರಿಗೆ ಲೀಟರಿಗೆ 18ರಂಗ 51 ಲೀಟರ್, 103 ರೂಪಾಯಿ ಹಿಡದ್ರ 5,250. ಕಂತು 6,650. ಇನ್ಶೂರೆನ್ಸ್, ಟೈರು, ಸರ್ವೀಸ್ ಅಂತ ತಿಂಗಳಿಗೆ 2,000 ಬ್ಯಾರೆ ಡಬ್ಬ್ಯಾಗ. ಒಟ್ಟು 13,900. ಬಾಡಿಗಿ ಕಾರಿನ 22,500ಕ್ಕ ಇದನ್ನ ಹೋಲಿಸಿ ನೋಡ್ರಿ. ಊರೊಳಗಿನ ಓಡಾಟಕ್ಕ ಸ್ಕೂಟಿನ. ಕಾರಿನ್ಯಾಗ ತರಕಾರಿಗೆ ಹೋಗಾಂಗಿಲ್ಲ ಅಂತ ನಾನ ನಿಯಮ ಮಾಡೀನಿ. ಮದುವಿಗೆ ಎರವಲು ಕೇಳಿದೋರಿಗೂ ಅದ ಉತ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಆದ್ರ ನಾ ಸಣ್ಣ ಕಂತಿಗೆ ಹಟ ಹಿಡದಿದ್ದು ಬರೇ ರೊಕ್ಕದ ಸಲುವಾಗಿ ಅಲ್ಲ. ಹೋದ ಆಷಾಢದಾಗ, ಕೆಲಸ ಪೂರ್ತಿ ತಣ್ಣಗಿದ್ದಾಗ, ಒಬ್ಬ ಮನಿ ಕಟ್ಟಿ ಮಾರೋರು ಫೋನ್ ಮಾಡಿದ್ರು. ಯಾವ ಊರು, ಯಾರು ಅಂತ ಬ್ಯಾಡ. "ತಿಂಗಳಿಗೆ ಇಷ್ಟು ಅಂತ ಕೊಡ್ತೀನಿ, ಕೆಲಸ ಇರಲಿ ಬಿಡಲಿ. ನನ್ನ ಮನಿಗಳಿಗೆ ಎಲ್ಲಾ ಬರೋಬರಿ ಅದ ಅಂತ ಒಂದು ಹಾಳಿ ಬರದು ಕೊಡವ್ವ" ಅಂದ್ರು. ಮಗಳು ಮನಿ ನೋಡದ ಬರ್ಯಾಂಗಿಲ್ಲ, ನೋಡಿದ ಮ್ಯಾಲ ಕಂಡಿದ್ದ ಬರೀತೀನಿ ಅಂದಳು. ಅವರು ಫೋನ್ ಇಟ್ರು. ಆ ರಾತ್ರಿ ರೊಟ್ಟಿ ತಿನ್ನಾಕತ್ತಾಗ ಇದನ್ನ ಹೇಳಿ, "ಅವ್ವ, ಆಗ ನನ್ನ ತಲಿ ಮ್ಯಾಲ ಹತ್ತು ಸಾವಿರದ ಕಂತು ಇದ್ದಿದ್ರ ಬ್ಯಾಡ ಅನ್ನಾಕ ಇಷ್ಟು ಸಲೀಸು ಆಗ್ತಿರಲಿಲ್ಲ" ಅಂದಳು.

ಆ ಮಾತು ನನ್ನ ಮನಸ್ಸಿನ್ಯಾಗ ಕುಂತು ಬಿಟ್ಟಿತು. ಗಾಡಿ ಕೊಳ್ಳೋ ಹೊತ್ತಿಗೆ ಮೈಲೇಜು, ಬಣ್ಣ, ಮಾಡೆಲ್ ಎಲ್ಲಾ ಬದಿಗಿಟ್ಟು ಅದನ್ನ ಮೊದ್ಲು ನೆನಸಿದೆ. ಇಕಿ ಕೆಲಸ ಏನು? ಇದ್ದಿದ್ದನ್ನ ಇದ್ದಂಗ ಹೇಳೋದು. ಮಾಸ್ತರಿಗೆ ಗ್ವಾಡಿ ಹಸೀ ಅದ ಅಂತ ಹೇಳಿದ್ದಕ್ಕ ಆಕಿಗೆ ಮಂದಿ ನಂಬಿಕಿ ಸಿಕ್ಕದ. ಸಾಲ ದೊಡ್ಡದಾದಂಗ ನಾಲಿಗಿ ಸಣ್ಣದಾಗ್ತದ. ಇವತ್ತು ಒಂದು ಮನಿಗೆ ಸುಳ್ಳು ಬರದ್ರ ನಾಳೆ ಆ ಮನ್ಯಾಗ ಕೂಸು ಇರೋ ಬಾಣಂತಿ ಮಲಗ್ತಾಳ, ಅರ್ಥಿಂಗ್ ಇಲ್ಲದ ಗೀಜರಿಗೆ ಯಾರೋ ಕೈ ಹಚ್ಚತಾರ. ಅದಕ್ಕ ನಾ ಹೇಳಿದ್ದು ಇಷ್ಟ: ಬ್ಯಾಡ ಅಂತ ಹೇಳಿ ಎದ್ದು ಬರಾಕ ಆಗೋ ಅಷ್ಟು ಸಾಲ ಮಾಡು, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಬ್ಯಾಡ.

ಹಳೇ ಗಾಡಿ ತಗಳೋದು ಅಂದ್ರ ಕಣ್ಣು ಮುಚ್ಚಿ ತಗಳೋದಲ್ಲ. ಮಗಳು ಮನಿ ನೋಡಿದಂಗ ಗಾಡಿ ನೋಡಿದಳು. ಮಾರೋರು ಮನಿಗೆ ಬಣ್ಣ ಹೊಡದಂಗ ಗಾಡಿಗೂ ಹೊಡೀತಾರ. ಬೆರಳಿಂದ ತಟ್ಟಿ ತಟ್ಟಿ ಎಲ್ಲಿ ಪಟ್ಟಿ ತುಂಬ್ಯಾರ ಅಂತ ನೋಡಿದಳು. ಕಾಲಾಗಿನ ಮ್ಯಾಟ್ ಎತ್ತಿ ಕೆಳಗ ಹಸಿ, ತುಕ್ಕು ಅದನೋ ನೋಡಿದಳು. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಶುರು ಮಾಡಿಸಿ ಹೊಗಿ ನೋಡಿದಳು. ಟೈರಿನ ಬದಿಗೆ ನಾಕು ಅಂಕಿ ಇರ್ತಾವ, 2321 ಅಂದ್ರ 2021ರ 23ನೇ ವಾರ ತಯಾರಾಗಿದ್ದು ಅಂತ. ಇದನ್ನ ನೀವೂ ನೆನಪಿಡ್ರಿ. ನಮ್ಮ ಗುರ್ತಿನ ಮೆಕ್ಯಾನಿಕ್ಕಿಗೆ 500 ರೂಪಾಯಿ ಕೊಟ್ಟು ತೋರಿಸಿದ್ವಿ.

ಕಾಗದದ ಮಾತು ಇನ್ನೂ ಮುಖ್ಯ. ನಮ್ಮ ಊರು ಗಡಿಗೆ ಇರೋದು, ಕೃಷ್ಣಾ ದಾಟಿದ್ರ ತೆಲಂಗಾಣ. ಅಲ್ಲಿನ ನಂಬರಿನ ಗಾಡಿ ಅಗ್ಗಕ್ಕ ಬರ್ತಾವ. ಅಗ್ಗ ಅಂತ ಹಿಗ್ಗಬ್ಯಾಡ್ರಿ. ಅಲ್ಲಿನ ಆರ್‌ಟಿಒ ಆಫೀಸಿನ ಎನ್‌ಒಸಿ ತರಬೇಕು, ಒಂದು ವರ್ಷದ ಮ್ಯಾಲ ಇಲ್ಲೇ ಓಡಿಸೋದಿದ್ರ ನಂಬರ್ ಬದಲಿಸಿ ನಮ್ಮ ರಾಜ್ಯದ ತೆರಿಗಿ ಕಟ್ಟಬೇಕು. ಅದೆಲ್ಲಾ ಕೂಡಿಸಿದ್ರ ಅಗ್ಗ ಅನ್ನೋದು ಉಳ್ಯಾಂಗಿಲ್ಲ. ನಾವು ಕೆಎ 36, ನಮ್ಮ ರಾಯಚೂರು ನಂಬರಿಂದ ತಗೊಂಡ್ವಿ. ಮೊದಲಿನ ಮಾಲಕರ ಸಾಲ ತೀರಿ ಬ್ಯಾಂಕಿನ ಫಾರಂ 35 ಕೊಟ್ಟಾರೋ, ದಂಡದ ಚಲನ್ ಬಾಕಿ ಅದಾವೋ ನೋಡಿ, ಫಾರಂ 29, 30ಕ್ಕ ಸಹಿ ಮಾಡಿಸಿಕೊಂಡು, ಇನ್ಶೂರೆನ್ಸೂ ಮಗಳ ಹೆಸರಿಗೆ ಮಾಡಿಸಿದ್ವಿ. ಬಿಳಿ ಬೋರ್ಡಿನ ಗಾಡ್ಯಾಗ ತನ್ನ ಕೆಲಸಕ್ಕ ತಾ ಹೋಗಬಹುದು, ಬಾಡಿಗಿಗೆ ಬಿಡಬಾರದು. ಬಾಡಿಗಿಗೆ ಬಿಟ್ಟಾಗ ಏನರ ಆದ್ರ ಇನ್ಶೂರೆನ್ಸ್‌ನವ್ರು ಕೈ ಎತ್ತತಾರ. ಕೊನಿಗೆ ಹೊಗಿ ಸರ್ಟಿಫಿಕೇಟು, ಅದಕ್ಕ ಪಿಯುಸಿ ಅಂತಾರ. ನಮ್ಮ ಮನಿಯವ್ರು ಅಂದ್ರು, "ನಿಂದೂ ಪಿಯುಸಿ ಆಗ್ಯದ, ಗಾಡಿದೂ ಆತು, ಇನ್ನ ಇಬ್ರೂ ಸೇರಿ ಮನಿ ನಡಸ್ರಿ."

ಗಾಡಿ ಬಂದು ಐದು ತಿಂಗಳಾತು. ಬ್ಯಾಸಗ್ಯಾಗ ಮೀಟರ್, ಲ್ಯಾಪ್‌ಟಾಪ್ ಮುಚ್ಚಿದ ಗಾಡ್ಯಾಗ ಬಿಡಾಂಗಿಲ್ಲ, ಕಾವಿಗೆ ಬ್ಯಾಟರಿ ಕೆಡತದ ಅಂತ ಜೋಡೀನ ಒಯ್ತಾಳ. ಇನ್ನೊಂದು ಮಾತು ಹೆಣ್ಮಕ್ಕಳಿಗೆ ಮಾತ್ರ ಹೇಳೋದು. ಕಟ್ಟಿ ಮುಗೀದ ಮನ್ಯಾಗ ಪಾಯಿಖಾನಿ ಇದ್ರೂ ನೀರು ಇರಾಂಗಿಲ್ಲ. ಮೊದ್ಲು ಆಕಿ ಮುಂಜಾನಿಂದ ಸಂಜಿ ತನಕ ನೀರ ಕುಡೀತಿರಲಿಲ್ಲ, ಎರಡು ಸಲ ಉರಿ ಬಂದು ಮಲಗಿದ್ದಳು. ಈಗ ಗಾಡಿ ತೆಗದು ಪೆಟ್ರೋಲ್ ಬಂಕಿಗೋ ಬಸ್ ಸ್ಟ್ಯಾಂಡಿಗೋ ಹೋಗಿ ಬರ್ತಾಳ, ಐದು ಲೀಟರ್ ನೀರು ಖಾಲಿ ಮಾಡ್ಕೊಂಡ ಬರ್ತಾಳ. ಯಾವ ಶೋರೂಮಿನ್ಯಾಗೂ ಈ ಲಾಭ ಬರದು ಹಚ್ಚಾಂಗಿಲ್ಲ.

ಹಂಗಾದ್ರ ನಮ್ಮ ಗಾಡೀನ ನೀವೂ ತಗೋರಿ ಅಂತ ನಾ ಹೇಳಾಂಗಿಲ್ಲ. ರೊಟ್ಟಿ ಮಾರೋರಿಗೆ ಬ್ಯಾರೆ, ಸೀರಿ ಮಾರೋರಿಗೆ ಬ್ಯಾರೆ. ಮೊದ್ಲು ಒಂದು ಹಾಳಿ ತಗೋರಿ. ಒಂದು ಬದಿ ಏನು ಹೇರ್ತೀರಿ ಅಂತ ಬರೀರಿ, ಇನ್ನೊಂದು ಬದಿ ಎಲ್ಲಿಗೆ ಎಷ್ಟು ಸಲ ಹೋಗ್ತೀರಿ ಅಂತ ಬರೀರಿ. ಕಂತಿನ ಲೆಕ್ಕ ನಿಮ್ಮ ಸುಗ್ಗಿ ತಿಂಗಳಿಗೆ ಹಾಕಬ್ಯಾಡ್ರಿ, ನಿಮ್ಮ ಆಷಾಢಕ್ಕ ಹಾಕ್ರಿ. ಓಣ್ಯಾಗಿನ ಮಂದಿ ಏನಂತಾರ ಅನ್ನೋದನ್ನ ಆ ಹಾಳ್ಯಾಗ ಬರೀಬ್ಯಾಡ್ರಿ, ಅದಕ್ಕ ಜಾಗ ಬಿಟ್ಟಷ್ಟೂ ಸಾಲದು. ಹಳೇ ಗಾಡಿ ನೋಡಾಕ ಹೋಗೋದಿದ್ರ ಮಗಳಿಗೆ ಒಂದು ಮಾತು ಹೇಳ್ರಿ, ಪುರಸೊತ್ತಿದ್ರ ಬಂದು ತಟ್ಟಿ ನೋಡ್ತಾಳ. ಫೀಸ್ ಬ್ಯಾಡ, ಒಂದು ಕಪ್ ಚಾ ಸಾಕು.